ಸಂಗಾತಿಯೊಡನೆ ಕೀನ್ಯಾಕ್ಕೆ ಹೋಗಬೇಕಿದೆ, ಬಲ್ಲವರು ತಿಳಿಸಿ

ಪ್ರಶ್ನೆ: ನಾವಿಬ್ಬರು ಗಂಡಸರು, ಬಹಳ ವರ್ಷಗಳಿಂದ ಜೊತೆಗೆ ಬಾಳುತ್ತಿದ್ದೇವೆ. ಸಂಗಾತಿಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಸಲಿಂಗಕಾಮ ಅಪರಾಧ ಎಂದು ಓದಿದೆ. ಯಾರನ್ನೂ ಜೈಲಿಗೆ ಹಾಕುವುದಿಲ್ಲ, ಹೆದರಬೇಡಿ ಎನ್ನುವವರೂ ಇದ್ದಾರೆ. ಇಂಥ ಕಾನೂನಿರುವ ದೇಶಗಳಲ್ಲಿ ಇದ್ದುಬಂದವರು ದಯವಿಟ್ಟು ಹೇಳಿ.

ನೈರೋಬಿಯಲ್ಲಿದ್ದವರು: ಹೆದರಬೇಡಿ ಎಂಬ ಮಾತಿಗೆ ಮರುಳಾಗಬೇಡಿ. ಅಲ್ಲಿನ ದಂಡ ಸಂಹಿತೆಯ 162ನೇ ಸೆಕ್ಷನ್ ಪ್ರಕಾರ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬ್ರಿಟಿಷರ ಕಾಲದ ಬಳುವಳಿ, ಭಾರತದ ಹಳೆಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಒಡಹುಟ್ಟು. 377ರ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಬಿಡಿಸಿತು. ಕೀನ್ಯಾದ ಹೈಕೋರ್ಟ್ ಮರುವರ್ಷ ಮೇ ತಿಂಗಳಲ್ಲಿ ತನ್ನ ಕಾನೂನನ್ನು ಎತ್ತಿಹಿಡಿಯಿತು.

ಶಿಕ್ಷೆಯಾಗುವುದು ಅಪರೂಪ, ನಿಜ. ಆದರೆ ಈ ಕಾನೂನಿನ ಏಟು ಬೀಳುವುದು ಕೋರ್ಟಿನ ಹೊರಗೆ. ನಮ್ಮ ಮನೆ ಮಾಲೀಕರು ಒಂದು ಸಂಜೆ ನಲ್ಲಿ ನೋಡುವ ನೆಪದಲ್ಲಿ ಒಳಗೆ ಬಂದು, ಇದ್ದ ಒಂದೇ ಮಂಚವನ್ನು ದಿಟ್ಟಿಸಿ, "ಇನ್ನೊಬ್ಬರು ಎಲ್ಲಿ ಮಲಗುತ್ತಾರೆ?" ಎಂದು ಕೇಳಿದರು. ಮುಂದಿನ ತಿಂಗಳಿನಿಂದ ಬಾಡಿಗೆಯ ಜೊತೆ ಬಾಯಿ ಮುಚ್ಚಿಕೊಂಡಿರುವುದಕ್ಕೂ ಹಣ ಕೇಳತೊಡಗಿದರು. ಪೊಲೀಸರಿಗೆ ಹೇಳೋಣವೆಂದರೆ ದೂರು ಕೊಟ್ಟವನೇ ಆರೋಪಿಯಾಗುವ ಭಯ. ಸುಲಿಗೆ ಮಾಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಎರಡು ಮಲಗುವ ಕೋಣೆಗಳ ಮನೆ ಹಿಡಿಯಿರಿ, ಎರಡರಲ್ಲೂ ಹಾಸಿಗೆ ಇರಲಿ. ಪ್ರೀತಿಸುವ ಇಬ್ಬರು ತಮ್ಮ ಮನೆಯೊಳಗೇ ನಾಟಕವಾಡಬೇಕೆಂದು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಹೋಗುವ ಮೊದಲೇ ವಕೀಲರನ್ನು ಗೊತ್ತುಮಾಡಿಕೊಳ್ಳಿ. ಸಲಿಂಗಿಗಳಿಗೆ ಕಾನೂನು ನೆರವು ನೀಡುವ ಸಂಸ್ಥೆ ಅಲ್ಲಿದೆ. ಅದಕ್ಕೆ ನೋಂದಣಿ ನಿರಾಕರಿಸಿದ್ದು ತಾರತಮ್ಯವೆಂದು ಕೀನ್ಯಾದ ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಿದೆ. ಬಂಧಿಸಿ ದೇಹ ಪರೀಕ್ಷೆಗೆ ಕರೆದರೆ ಒಪ್ಪಬೇಡಿ, ವಕೀಲರನ್ನು ಕರೆಸಿ. ಬಲವಂತದ ಗುದ ಪರೀಕ್ಷೆ ಕಾನೂನುಬಾಹಿರವೆಂದು ಮೊಂಬಾಸಾದಲ್ಲಿ ಮೇಲ್ಮನವಿ ನ್ಯಾಯಾಲಯ 2018ರಲ್ಲೇ ತೀರ್ಪಿತ್ತಿದೆ.

ಕೈರೋದಲ್ಲಿದ್ದವರು: ಕಾನೂನಿನ ಪುಸ್ತಕದಲ್ಲಿ ಏನಿದೆ ಎಂಬುದಷ್ಟನ್ನೇ ನೋಡಿ ನಿಶ್ಚಿಂತರಾಗಬೇಡಿ. ಈಜಿಪ್ಟಿನಲ್ಲಿ ಸಲಿಂಗಕಾಮವನ್ನು ಹೆಸರಿಸಿ ನಿಷೇಧಿಸುವ ಕಾನೂನೇ ಇಲ್ಲ. 1961ರ ವೇಶ್ಯಾವಾಟಿಕೆ ತಡೆ ಕಾನೂನಿನಲ್ಲಿರುವ ದುರಾಚಾರದ ಆರೋಪ ಹೊರಿಸಿ ಜೈಲಿಗೆ ಕಳಿಸುತ್ತಾರೆ. ಡೇಟಿಂಗ್ ಆ್ಯಪ್‌ಗಳಲ್ಲಿ ಪೊಲೀಸರೇ ಸ್ನೇಹ ನಟಿಸಿ ಬಲೆ ಬೀಸುತ್ತಾರೆ. ಮೊಬೈಲ್‌ನಲ್ಲಿ ಸಿಕ್ಕ ಫೋಟೊ, ಸಂದೇಶಗಳೇ ಸಾಕ್ಷ್ಯ. ನೀವು ಹೋಗುವುದು ಬೇರೆ ದೇಶವಾದರೂ ವಿಮಾನ ಹತ್ತುವ ಮುನ್ನ ಆ್ಯಪ್ ಅಳಿಸಿ, ಕ್ಲೌಡ್‌ನಲ್ಲಿ ಉಳಿದ ಫೋಟೊಗಳನ್ನೂ ನೋಡಿಕೊಳ್ಳಿ. ಬೆರಳಚ್ಚಿನ ಬದಲು ಉದ್ದನೆಯ ಪಾಸ್‌ವರ್ಡ್ ಇಡಿ. ಬೆರಳನ್ನು ಹಿಡಿದು ಒತ್ತಿಸಬಹುದು.

ಮತ್ತೊಬ್ಬರು: ವಾರಾಂತ್ಯಕ್ಕೆಂದು ಪಕ್ಕದ ಉಗಾಂಡಾಕ್ಕೆ ಜೊತೆಯಾಗಿ ಹೋಗುವ ಯೋಚನೆ ಖಂಡಿತ ಬೇಡ. ಅಲ್ಲಿನ 2023ರ ಕಾನೂನಿನಲ್ಲಿ ಜೀವಾವಧಿ ಶಿಕ್ಷೆಯಿದೆ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯೂ ಇದೆ. ಸಲಿಂಗಕಾಮದ ಪರ ಪ್ರಚಾರ ಮಾಡಿದರೆಂದು 20 ವರ್ಷಗಳವರೆಗೆ ಒಳಗೆ ಹಾಕಬಹುದು. ಈ ಕಾನೂನುಗಳು ನಿಂತಲ್ಲಿ ನಿಲ್ಲುವುದೂ ಇಲ್ಲ: ಮಾರಿಷಸ್‌ನಲ್ಲಿ 2023ರಲ್ಲಿ, ನಮೀಬಿಯಾದಲ್ಲಿ 2024ರಲ್ಲಿ ನ್ಯಾಯಾಲಯಗಳು ಕಿತ್ತುಹಾಕಿದವು, ಟ್ರಿನಿಡಾಡ್‌ನಲ್ಲಿ 2018ರಲ್ಲಿ ಬಿದ್ದುಹೋಗಿದ್ದ ನಿಷೇಧಕ್ಕೆ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ಮತ್ತೆ ಜೀವ ಕೊಟ್ಟಿತು. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿ. ನಿಮ್ಮ ವೀಸಾಕ್ಕೆ ಸಂಗಾತಿಯ ಕೆಲಸವನ್ನು ನೆಚ್ಚಬೇಡಿ, ಸ್ವಂತ ಆಧಾರದ ಮೇಲೆ ಪಡೆಯಿರಿ. ತುರ್ತಾಗಿ ದೇಶ ಬಿಡಬೇಕಾದರೆ ಇಬ್ಬರ ಟಿಕೆಟ್ ಖರ್ಚನ್ನೂ ಕಂಪನಿ ಭರಿಸುತ್ತದೆಯೇ ಎಂದು ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಲು ಸಂಗಾತಿಗೆ ಹೇಳಿ.