ದೇವರಿಗೆ ಎದುರು ನಿಲ್ಲುವ ದೃಶ್ಯ: ಮಾಂಗಾ ಪುಟ ಕಟ್ಟುವುದು ಹೇಗೆ?

ಪ್ರಶ್ನೆ: ಕನ್ನಡದ ಫ್ಯಾಂಟಸಿ ಮಾಂಗಾ (ಜಪಾನಿ ಶೈಲಿಯ ಕಾಮಿಕ್ಸ್), ಬಲದಿಂದ ಎಡಕ್ಕೆ ಓದುವ ಕ್ರಮ. ಬಿ4 ಹಾಳೆ, ಒಳಚೌಕಟ್ಟು (ಮುಖ್ಯ ಚಿತ್ರ, ಮಾತು ಇರಬೇಕಾದ ಜಾಗ) 180×270 ಮಿ.ಮೀ. ನಾಯಕಿ ದೇವರ ಅಪ್ಪಣೆ ಮೀರುವ ಪುಟವೇ ಸಪ್ಪೆಯಾಗಿದೆ. ಎಲ್ಲಿ ತಪ್ಪಿದೆ?

ಉತ್ತರ 1: ಅಪ್ಪಣೆ, ನಿರಾಕರಣೆ ಎರಡೂ ಒಂದೇ ಪುಟದಲ್ಲಿದ್ದರೆ ಬಿಗಿ ಸಡಿಲುತ್ತದೆ. ಅಪ್ಪಣೆಯನ್ನು 3ನೇ ಪುಟದ ಕೆಳಗಿನ ಎಡಮೂಲೆಗೆ ಹಾಕಿ. ಹಾಳೆ ತಿರುವಿದೊಡನೆ 4ರಲ್ಲಿ ಅವಳ "ಆಗಲ್ಲ" ಇಡೀ ಪುಟ ತುಂಬಲಿ. ಅಲ್ಲಿಯವರೆಗೂ ದೇವರನ್ನು ಕೆಳಗಿನಿಂದ ನೋಡಿದಂತೆ ಬಿಡಿಸಿ, ಆ ಪುಟದಲ್ಲಿ ಮಾತ್ರ ಅವಳ ಕಣ್ಣಿನ ಮಟ್ಟಕ್ಕೆ ಇಳಿಸಿ. ಇದೊಂದೇ ಬದಲಾವಣೆ ಅರ್ಧ ಕೆಲಸ ಮಾಡುತ್ತದೆ.

ಉತ್ತರ 2: ಮಾತಿನ ಬಲೂನನ್ನೂ ನೋಡಿ. ಜಪಾನಿಯ ಲಂಬ ಬರಹಕ್ಕೆ ಉದ್ದನೆಯದು ಸರಿ. ಕನ್ನಡಕ್ಕೆ ಅಗಲ ಬೇಕು, ಇಲ್ಲದಿದ್ದರೆ ಪದ ತುಂಡಾಗುತ್ತದೆ. ಒತ್ತಕ್ಷರ ಕೆಳಸಾಲಿಗೆ ತಾಗದಷ್ಟು ಅಂತರ ಬಿಡಿ.

ಉತ್ತರ 3: ದೇವರ ಪ್ರಭೆಗೆ ಚುಕ್ಕಿ ಟೋನ್ (ಚುಕ್ಕಿಗಳಿಂದ ಮೂಡಿಸುವ ಬೂದು ಛಾಯೆ) ಹಾಕಿದ್ದೀರಾ? 600 ಡಿಪಿಐ (ಇಂಚಿಗೆ 600 ಬಿಂದು) ಕಪ್ಪು-ಬಿಳುಪಿನಲ್ಲೇ ಉಳಿಸಿ. ಆಮೇಲೆ ಗಾತ್ರ ಕುಗ್ಗಿಸಿದರೆ ಚುಕ್ಕಿಗಳು ಕಲಸಿ ಪಟ್ಟೆ ಏಳುತ್ತದೆ.