ಪಫರ್ ಮೀನಿನ ಜೊತೆ ಯಾವ ಮೀನು ಬಿಡಬಹುದು? ನಿಮ್ಮ ಪ್ರಶ್ನೆ, ಅಕ್ವೇರಿಯಂ ತಜ್ಞೆಯ ಉತ್ತರ

ಪ್ರಶ್ನೆ (ಮೈಸೂರು): ಮೇಡಂ, ನಮಸ್ತೆ. ಹೋದ ತಿಂಗಳು ಎರಡು ಪಫರ್ ಮೀನು ತಂದೆ. ಹಸಿರು ಬೆನ್ನು, ದುಂಡು ಮುಖ, ಮಗಳಿಗೆ ತುಂಬಾ ಇಷ್ಟ. ಅಂಗಡಿಯವರು ಸಿಹಿನೀರಿನದ್ದೇ, ಎಲ್ಲದರ ಜೊತೆ ಇರುತ್ತದೆ ಅಂದರು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಅದರಲ್ಲಿ 8 ಗಪ್ಪಿ, 2 ಏಂಜಲ್ ಇದ್ದವು. ಈಗ ಗಪ್ಪಿ ಮೂರೇ ಉಳಿದಿವೆ, ಮೂರಕ್ಕೂ ಬಾಲ ಇಲ್ಲ. ಏಂಜಲ್‌ನ ಕೆಳಗಿನ ಉದ್ದ ರೆಕ್ಕೆಯೂ ಅರ್ಧ ಹೋಗಿದೆ. ಇವು ಉಪ್ಪುನೀರಿನ ಮೀನು ಅಂತ ಗೆಳೆಯರೊಬ್ಬರು ಈಗ ಹೇಳುತ್ತಿದ್ದಾರೆ. ಉಪ್ಪು ಹಾಕಿದರೆ ಜೊತೆಗೆ ಯಾವ ಮೀನು ಬಿಡಬಹುದು?

ಉತ್ತರ: ನಮಸ್ತೆ. ಗಪ್ಪಿ ಮತ್ತು ಏಂಜಲ್‌ಗಳನ್ನು ಇವತ್ತೇ ಬೇರೆ ಮಾಡಿ, ಉಳಿದದ್ದು ಆಮೇಲೆ. ಗಪ್ಪಿ ಸ್ವಲ್ಪ ಉಪ್ಪನ್ನು ತಡೆಯುತ್ತದೆ, ಆದರೆ ಆ ಬಾಲ ಪಫರ್ ಕಣ್ಣಿಗೆ ತೂಗುಹಾಕಿದ ತಿಂಡಿ ಇದ್ದಂತೆ. ಏಂಜಲ್ ಪೂರ್ತಿ ಸಿಹಿನೀರಿನ ಮೀನು, ಅದಕ್ಕೆ ಉಪ್ಪು ಆಗುವುದೇ ಇಲ್ಲ.

ಈಗ ನಿಮ್ಮ ಎರಡೂ ಮೀನಿನ ಫೋಟೋ ಹಾಕಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು. ಯಾಕೆ ಅಂದರೆ "ಹಸಿರು ಪಫರ್" ಅಂತ ನಮ್ಮಲ್ಲಿ ಎರಡು ಬೇರೆ ಬೇರೆ ಮೀನು ಮಾರುತ್ತಾರೆ. ಬೆನ್ನು ಮಿಂಚುವ ಹಸಿರಾಗಿದ್ದು ಅದರ ಮೇಲೆ ಬಿಡಿಬಿಡಿ ದುಂಡು ಕಪ್ಪು ಚುಕ್ಕೆ, ಹೊಟ್ಟೆ ಬಿಳಿ ಇದ್ದರೆ ಅದು ಗ್ರೀನ್ ಸ್ಪಾಟೆಡ್ ಪಫರ್. ಬೆನ್ನು ಕಂದು ಬಣ್ಣಕ್ಕೆ ತಿರುಗಿದ್ದು, ಮೇಲೆ ಹಳದಿ ಗೆರೆಗಳು 8ರ ಹಾಗೆ ಸುತ್ತಿಕೊಂಡು, ಬಾಲದ ಹತ್ತಿರ ಹಳದಿ ಉಂಗುರದೊಳಗೆ ಕಪ್ಪು ಕಣ್ಣಿನಂಥ ಗುರುತು ಇದ್ದರೆ ಅದು ಫಿಗರ್ ಎಯ್ಟ್ ಪಫರ್. ಮೊದಲನೆಯದು 15 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯದು 8 ದಾಟುವುದಿಲ್ಲ. ಇಬ್ಬರಿಗೂ ಬೇಕಾದ ಉಪ್ಪು ಬೇರೆ, ಹಾಗಾಗಿ ಜೊತೆಗಾರರೂ ಬೇರೆ.

ಪ್ರಶ್ನೆ ಕೇಳಿದವರು: ಫೋಟೋ ಹಾಕಿದ್ದೇನೆ ಮೇಡಂ. ನೋಡಿದರೆ ಎರಡೂ ಒಂದೇ ಥರ ಇಲ್ಲವಲ್ಲ!

ಉತ್ತರ: ಹೌದು, ನಿಮಗೆ ಒಂದೊಂದು ಸಿಕ್ಕಿದೆ. ದೊಡ್ಡದು ಗ್ರೀನ್ ಸ್ಪಾಟೆಡ್, ಚಿಕ್ಕದು ಫಿಗರ್ ಎಯ್ಟ್. ಒಂದೇ ತೊಟ್ಟಿಯಲ್ಲಿ ಇಬ್ಬರನ್ನೂ ಬಿಟ್ಟು ಒಂದೇ ಹೆಸರಲ್ಲಿ ಮಾರುವುದು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ನಿಮ್ಮ ತಪ್ಪಲ್ಲ ಬಿಡಿ.

ಜೊತೆಗಾರರ ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ಎಲ್ಲರೂ "ಇದು ಕಚ್ಚುತ್ತದಾ, ಕಚ್ಚದೆ ಇರುತ್ತದಾ" ಅಂತ ಮಾತ್ರ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಮೀನು ಇನ್ನೊಂದು ವರ್ಷಕ್ಕೆ ಎಷ್ಟು ಉಪ್ಪಿನ ನೀರಿನಲ್ಲಿ ಇರಬೇಕು, ಆಗಲೂ ಪಕ್ಕದವನು ಬದುಕಿರುತ್ತಾನಾ ಅಂತ. ಗ್ರೀನ್ ಸ್ಪಾಟೆಡ್ ಮರಿಯಾಗಿದ್ದಾಗ ಕಡಿಮೆ ಉಪ್ಪಿನಲ್ಲಿ ಇರುತ್ತದೆ, ಬೆಳೆಯುತ್ತಾ ಬೆಳೆಯುತ್ತಾ ಜಾಸ್ತಿ ಕೇಳುತ್ತದೆ. ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ (ಶುದ್ಧ ನೀರು 1.000, ಉಪ್ಪು ಹೆಚ್ಚಿದಂತೆ ಅಂಕಿ ಏರುತ್ತದೆ) ಮರಿಗೆ 1.005 ಸಾಕು, ದೊಡ್ಡದಕ್ಕೆ 1.010ರಿಂದ 1.018. ಸಮುದ್ರದ ನೀರು 1.025ರ ಆಸುಪಾಸು, ಆ ಮಟ್ಟಕ್ಕೆ ಒಯ್ದು ಸಾಕುವವರೂ ಇದ್ದಾರೆ. ಫಿಗರ್ ಎಯ್ಟ್‌ಗೆ ಜೀವನಪೂರ್ತಿ 1.005ರಿಂದ 1.008 ಸಾಕು. ಅಂದಮೇಲೆ ಇವರಿಬ್ಬರೇ ಒಬ್ಬರಿಗೊಬ್ಬರು ಜೊತೆಗಾರರಲ್ಲ. ಅದೂ ಅಲ್ಲದೆ ಗ್ರೀನ್ ಸ್ಪಾಟೆಡ್ ಬೆಳೆದ ಮೇಲೆ ಚಿಕ್ಕವನನ್ನು ಅಟ್ಟಾಡಿಸಿ ಕಚ್ಚುತ್ತದೆ.

ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಕಳೆದು 165 ಅಂತ ಇಟ್ಟುಕೊಳ್ಳಿ. ಅದರಲ್ಲಿ ಗ್ರೀನ್ ಸ್ಪಾಟೆಡ್ ಒಂದನ್ನೇ ಇಡಿ. ಫಿಗರ್ ಎಯ್ಟ್‌ಗೆ ಬೇರೆ ಟ್ಯಾಂಕ್ ಬೇಕು.

ಪ್ರಶ್ನೆ ಕೇಳಿದವರು: ಅಟ್ಟದ ಮೇಲೆ ಹಳೆಯ 2 ಅಡಿಯ ಟ್ಯಾಂಕ್ ಇದೆ. ಅದು ಆಗುತ್ತಾ? ಅದರಲ್ಲಾದರೂ ಜೊತೆಗೆ ಏನಾದರೂ ಬಿಡಬಹುದಾ?

ಉತ್ತರ: ಒಂದು ಫಿಗರ್ ಎಯ್ಟ್‌ಗೆ ಆಗುತ್ತದೆ, ಒಂದಕ್ಕೆ ಮಾತ್ರ. ಮುಂದೆ ಎರಡೂವರೆ, ಮೂರು ಅಡಿಯದ್ದು ತಗೊಂಡರೆ ಬಂಬಲ್‌ಬೀ ಗೋಬಿ ಅಂತ ಸಿಗುತ್ತದೆ, ಹಳದಿ ಕಪ್ಪು ಪಟ್ಟಿ, ಜೇನುನೊಣದ ಹಾಗೆ, ಅವನ್ನು ಒಂದು ಆರು ಬಿಡಿ. ಫಿಗರ್ ಎಯ್ಟ್ ಜೊತೆ ನನ್ನ ಅನುಭವದಲ್ಲಿ ಹೆಚ್ಚು ಸಲ ಒಗ್ಗಿದ್ದು ಇವೇ. ಅವು ತಳದಲ್ಲಿ, ಕಲ್ಲಿನ ಸಂದಿಯಲ್ಲಿ ಇರುತ್ತವೆ, ರೆಕ್ಕೆ ಚಿಕ್ಕದು, ಸುಮ್ನೆ ಕೂತಿರುತ್ತವೆ, ಪಫರ್‌ಗೆ ಕೆಣಕಲು ಏನೂ ಸಿಗುವುದಿಲ್ಲ. ತೊಂದರೆ ಇರುವುದು ಊಟದ ಹೊತ್ತಿನಲ್ಲಿ. ಗೋಬಿ ನಿಧಾನ, ಒಣ ಫುಡ್ ಮುಟ್ಟುವುದು ಅಪರೂಪ, ಪಫರ್ ಎರಡು ನಿಮಿಷದಲ್ಲಿ ಎಲ್ಲ ಖಾಲಿ ಮಾಡಿರುತ್ತದೆ. ಪಫರ್‌ಗೆ ಒಂದು ಮೂಲೆಯಲ್ಲಿ ಬಸವನಹುಳು ಹಾಕಿ, ಅದು ಅಲ್ಲಿ ಒಡೆಯುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಡ್ರಾಪರ್‌ನಿಂದ ಗೋಬಿಗಳಿಗೆ ಆರ್ಟೀಮಿಯಾ (ಸೀಗಡಿಯಂಥ ಪುಟಾಣಿ ಜೀವಿ) ಅಥವಾ ಬ್ಲಡ್‌ವರ್ಮ್ (ಸಣ್ಣ ಕೆಂಪು ಹುಳು) ಬಿಡಬೇಕು. ಇಷ್ಟು ಪುರುಸೊತ್ತು ಇಲ್ಲದಿದ್ದರೆ ಗೋಬಿ ತರಬೇಡಿ, ಹಸಿದು ಸಾಯುತ್ತವೆ.

ಇನ್ನೊಬ್ಬರು (ಬೆಂಗಳೂರು): ಮೇಡಂ, ಮಾಲಿ ಮೀನು ಬಿಡಬಹುದಾ? ಮಾಲಿ ಸಮುದ್ರದ ನೀರಿನಲ್ಲೂ ಬದುಕುತ್ತದೆ ಅಂತಾರಲ್ಲ. ಇನ್ನೊಂದು, ನಮ್ಮ ಬೋರ್‌ವೆಲ್ ನೀರೇ ಸವಳು, ಬಕೆಟ್ಟಿನಲ್ಲೆಲ್ಲ ಬಿಳಿ ಕರೆ ಕಟ್ಟುತ್ತದೆ. ಹಾಗಾದರೆ ಉಪ್ಪು ಹಾಕದೆ ನಡೆಯುತ್ತಾ?

ಉತ್ತರ: ಎರಡನೆಯದು ಮೊದಲು, ಯಾಕೆಂದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. ಬೋರ್‌ವೆಲ್‌ನ ಸವಳು ಅಂದರೆ ಸುಣ್ಣದ ಅಂಶ ಜಾಸ್ತಿ, ಗಡಸು ನೀರು. ಅಳಿವೆಯ ಸವಳು ಅಂದರೆ ಹೊಳೆಯ ನೀರಿಗೆ ಕಡಲು ಬೆರೆತದ್ದು. ಹೆಸರು ಒಂದೇ, ನೀರು ಬೇರೆ. ಗಡಸು ನೀರು ಈ ಮೀನುಗಳಿಗೆ ಒಳ್ಳೆಯದೇ, ಪಿಎಚ್ 8ರ ಹತ್ತಿರ ನಿಲ್ಲುತ್ತದೆ, ಆದರೆ ಅದು ಉಪ್ಪಿನ ಕೆಲಸ ಮಾಡುವುದಿಲ್ಲ. ಅಡುಗೆ ಉಪ್ಪು, ಕಲ್ಲುಪ್ಪು ಕೂಡ ಬೇಡ. ಸಮುದ್ರದ ಅಕ್ವೇರಿಯಂಗೆ ಅಂತ ಬರುವ ಮರೀನ್ ಸಾಲ್ಟ್ ಬೇಕು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿರುತ್ತವೆ. ಲೀಟರಿಗೆ 7ರಿಂದ 9 ಗ್ರಾಂ ಹಾಕಿದರೆ 1.005ರ ಹತ್ತಿರ ಬರುತ್ತದೆ. ಕಣ್ಣಳತೆ ನಡೆಯುವುದಿಲ್ಲ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತಗೊಳ್ಳಿ.

ಮಾಲಿ ವಿಷಯ. ಉಪ್ಪಿಗೆ ಅದು ಸೈ, ನೀವು ಹೇಳಿದ್ದು ಸರಿ. ಫಿಗರ್ ಎಯ್ಟ್ ಜೊತೆ ದೊಡ್ಡ ಟ್ಯಾಂಕಿನಲ್ಲಿ ಗಿಡ್ಡ ರೆಕ್ಕೆಯ ಕಪ್ಪು ಮಾಲಿ ಬಿಟ್ಟು ನೋಡಬಹುದು, ಮರಿಗಳೆಲ್ಲ ಪಫರ್ ಹೊಟ್ಟೆಗೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು. ಸೇಲ್‌ಫಿನ್ ಮಾಲಿ ಬೇಡ, ಬೆನ್ನ ಮೇಲಿನ ಆ ಪತಾಕೆಯಂಥ ರೆಕ್ಕೆ ಒಂದು ವಾರ ಉಳಿಯುವುದಿಲ್ಲ. ಗ್ರೀನ್ ಸ್ಪಾಟೆಡ್ ಜೊತೆಗಾದರೆ ಯಾವ ಮಾಲಿಯೂ ಬೇಡ.

ಮತ್ತೊಬ್ಬರು (ಹುಬ್ಬಳ್ಳಿ): ನನ್ನ ಗ್ರೀನ್ ಸ್ಪಾಟೆಡ್ 2 ವರ್ಷದಿಂದ ಸಿಹಿನೀರಿನಲ್ಲಿ ಆರಾಮಾಗಿದೆ ಮೇಡಂ. ಇಷ್ಟೆಲ್ಲ ಬೇಕಾ?

ಉತ್ತರ: ಸಾರ್, ಸರಿಯಾಗಿ ಸಾಕಿದರೆ ಅದು 10 ವರ್ಷ ಬದುಕುವ ಮೀನು. ಅದರ ಹೊಟ್ಟೆ ನೋಡಿ, ಬೂದು ಬಣ್ಣ ಆಗಿದೆಯಾ? ಮೈ ಆಗಾಗ ಕಪ್ಪಾಗುತ್ತದಾ? ಹಾಗಿದ್ದರೆ ಅದು ಆರಾಮಾಗಿಲ್ಲ. ಉಪ್ಪು ಏರಿಸಿ, ಆದರೆ ಒಮ್ಮೆಲೇ ಸುರಿಯಬೇಡಿ. ವಾರಕ್ಕೊಮ್ಮೆ ನೀರು ಬದಲಿಸುವಾಗ ಸ್ಪೆಸಿಫಿಕ್ ಗ್ರಾವಿಟಿ 0.002ರಷ್ಟು ಮಾತ್ರ ಏರಲಿ. ಮೀನಿಗಿಂತ, ಮೀನಿನ ಹೊಲಸಿನ ಅಮೋನಿಯಾವನ್ನು ತೆಗೆಯುವ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಒಗ್ಗಲು ಸಮಯ ಬೇಕು, ಅವು ಸತ್ತರೆ ಅಮೋನಿಯಾ ಏರುತ್ತದೆ, ಪಿಎಚ್ ಜಾಸ್ತಿ ಇರುವ ನೀರಿನಲ್ಲಿ ಅದು ಇನ್ನೂ ವಿಷ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಸಿಹಿನೀರನ್ನೇ ತುಂಬಿಸಿ, ಉಪ್ಪು ಆವಿಯಾಗಿರುವುದಿಲ್ಲ ಅಲ್ವಾ.

ಇನ್ನೊಬ್ಬರು (ಉಡುಪಿ): ಅಕ್ಕ, ಗ್ರೀನ್ ಸ್ಪಾಟೆಡ್ ಜೊತೆ ಮೋನೋ, ಸ್ಕ್ಯಾಟ್, ಆರ್ಚರ್ ಬಿಡಬಹುದು ಅಂತ ಎಲ್ಲ ಕಡೆ ಹೇಳುತ್ತಾರಲ್ಲ. ನಮ್ಮ ಅಳಿವೆಯಲ್ಲಿ ಬಲೆಗೆ ಬೀಳುವ ಕರಿಮೀನಿನ ಮರಿ ಬಿಟ್ಟರೆ?

ಉತ್ತರ: ಹೇಳುವುದು ಸುಳ್ಳಲ್ಲ ತಮ್ಮಾ, ಟ್ಯಾಂಕಿನ ಅಳತೆ ಹೇಳುವುದಿಲ್ಲ ಅಷ್ಟೇ. ಮೋನೋ ಚುರುಕು, ಸ್ಕ್ಯಾಟ್ ಗಟ್ಟಿ, ಎರಡೂ ಪಫರ್‌ನ ಹಾಗೇ ಬೆಳೆದಂತೆ ಜಾಸ್ತಿ ಉಪ್ಪು ಕೇಳುತ್ತವೆ. ಹಾಗಾಗಿ ಜೋಡಿ ಸರಿ. ಆದರೆ ಸ್ಕ್ಯಾಟ್ ಒಂದು ಅಡಿ ಬೆಳೆಯುತ್ತದೆ, ಮೋನೋ ಒಂದೆರಡು ಇದ್ದರೆ ಹೆದರಿ ಸಾಯುತ್ತದೆ, ಐದಾರು ಬೇಕು. ಅಂದರೆ 6 ಅಡಿಯ ಟ್ಯಾಂಕ್, ಅದಕ್ಕೆ ತಕ್ಕ ಫಿಲ್ಟರ್, ತಿಂಗಳು ತಿಂಗಳು ಕಿಲೋಗಟ್ಟಲೆ ಮರೀನ್ ಸಾಲ್ಟ್. ಇಷ್ಟು ಮಾಡಿದ ಮೇಲೂ ಒಂದೊಂದು ಪಫರ್ ಪುಂಡ ಇರುತ್ತದೆ.

ಕರಿಮೀನಿನ ಪಾಠ ನಾನೇ ಕಲಿತಿದ್ದೇನೆ. ಕಾಲೇಜು ಮುಗಿಸಿದ ಹೊಸತು, ನೇತ್ರಾವತಿ ಅಳಿವೆಯಿಂದ ನಾಲ್ಕು ಮರಿ ತಂದು, ಒಂದೇ ನೀರಿನವು ತಾನೇ ಅಂತ ಪಫರ್ ಜೊತೆ ಬಿಟ್ಟೆ. ಮೂರು ವಾರ ಏನೂ ಆಗಲಿಲ್ಲ. ಎಲ್ಲರಿಗೂ ಹೇಳಿಕೊಂಡು ಬಂದೆ. ಒಂದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕಕ್ಕೂ ಬಾಲ ಇಲ್ಲ, ಒಂದಕ್ಕೆ ಕಣ್ಣೂ ಇಲ್ಲ. ಅಳಿವೆಯಲ್ಲಿ ತಪ್ಪಿಸಿಕೊಳ್ಳಲು ಜಾಗ ಇದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದೂ ಅಲ್ಲದೆ ಬಲೆಯ ಮೀನಿನ ಜೊತೆ ಹುಳು, ರೋಗ ಎಲ್ಲ ಬರುತ್ತದೆ. ಪಫರ್‌ಗೆ ಹುರುಪೆ ಇಲ್ಲದ ಮೈ, ತಾಮ್ರ ಇರುವ ಔಷಧಿ ಅದಕ್ಕೆ ತಡೆಯುವುದಿಲ್ಲ.

ಕೇರಳದ ಕಡೆಯಿಂದ ಬರುವ ಪುಟಾಣಿ ಪೀ ಪಫರ್ ಇದೆಯಲ್ಲ, ಅದು ಪೂರ್ತಿ ಸಿಹಿನೀರಿನದ್ದು. ಪಫರ್ ಅಂತ ಹೆಸರಿದೆ ಅಂತ ಅದನ್ನೂ ಇಲ್ಲಿಗೆ ತಂದು ಸೇರಿಸಬೇಡಿ, ಹೋದ ವರ್ಷ ಹೀಗೆ ಮಾಡಿದವರೊಬ್ಬರಿದ್ದರು.

ಪ್ರಶ್ನೆ ಕೇಳಿದವರು: ಮೇಡಂ, ಚಿಕ್ಕದನ್ನು ಅಟ್ಟದ ಟ್ಯಾಂಕಿಗೆ ಬಿಟ್ಟೆ, ಹಳೆಯ ಫಿಲ್ಟರಿನ ಅರ್ಧ ಸ್ಪಂಜು ಅದಕ್ಕೇ ಹಾಕಿದೆ. ದೊಡ್ಡದು ಒಂದೇ ಇದೆ. ಮಗಳು ಕೇಳುತ್ತಿದ್ದಾಳೆ, ಒಬ್ಬನೇ ಇದ್ದರೆ ಅದಕ್ಕೆ ಬೇಜಾರಾಗುವುದಿಲ್ವಾ ಅಂತ.

ಉತ್ತರ: ಸ್ಪಂಜು ಹಾಕಿದ್ದು ಒಳ್ಳೆಯ ಕೆಲಸ, ಆ ಬ್ಯಾಕ್ಟೀರಿಯಾಗಳೂ ಜೊತೆಗೆ ಹೋದವು. ಮಗಳಿಗೆ ಹೇಳಿ, ಅದಕ್ಕೆ ಬೇಜಾರಾಗುವುದು ಕೆಲಸ ಇಲ್ಲದಿದ್ದಾಗ, ಮೀನು ಇಲ್ಲದಿದ್ದಾಗ ಅಲ್ಲ. ಒಂದೇ ಗಾಜಿನ ಪಕ್ಕ ಮೇಲೆ ಕೆಳಗೆ ಈಜುತ್ತಲೇ ಇದ್ದರೆ ಬೇಜಾರಾಗಿದೆ ಅಂತ ಅರ್ಥ. ಎರಡು ಮೂರು ವಾರಕ್ಕೊಮ್ಮೆ ಕಲ್ಲು, ಕೊರಡು ಜಾಗ ಬದಲಿಸಿ, ಅದು ಅರ್ಧ ದಿನ ತಪಾಸಣೆ ಮಾಡುತ್ತದೆ. ವಾರಕ್ಕೆ ಎರಡು ಮೂರು ಸಲ ಬದುಕಿರುವ ಬಸವನಹುಳು, ನಡುವೆ ಸಿಪ್ಪೆ ಸಮೇತ ಸೀಗಡಿ, ಸಿಕ್ಕರೆ ಮರುವಾಯಿ ಚಿಪ್ಪನ್ನು ಸ್ವಲ್ಪ ತೆರೆದು ಹಾಕಿ. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಗಟ್ಟಿ ಚಿಪ್ಪು ಒಡೆಯದಿದ್ದರೆ ಬಾಯಿ ತೆರೆಯಲಾಗದಷ್ಟು ಉದ್ದ ಆಗುತ್ತದೆ, ಆಮೇಲೆ ನನ್ನಂಥವರು ಬಂದು ಕತ್ತರಿಸಬೇಕು. ಬಸವನಹುಳು ಸಾಕಲು ಒಂದು ಬಕೆಟ್ ಮಗಳಿಗೇ ಒಪ್ಪಿಸಿ, ಸೌತೆಕಾಯಿ ಚೂರು ಹಾಕಿದರೆ ಸಾಕು, ಬೇಡ ಅಂದರೂ ಹೆಚ್ಚುತ್ತವೆ. ಅವಳು ಬಕೆಟ್ ಹಿಡಿದು ಬಂದರೆ ಸಾಕು, ಇನ್ನೊಂದು ತಿಂಗಳಲ್ಲಿ ಅದು ಗಾಜಿಗೆ ಮೂತಿ ಒತ್ತಿ ಕುಣಿಯಲು ಶುರು ಮಾಡುತ್ತದೆ.