ಪ್ರಶ್ನೋತ್ತರ: ಫುಟ್‌ಬಾಲ್ ಕಾನ್ಫರೆನ್ಸ್ ಬದಲಾದರೆ ವಾಲಿಬಾಲ್ ಹುಡುಗಿಗೇನು?

ಪ್ರಶ್ನೆ: ನಾವಿರೋದು ಸ್ಯಾನ್ ಹೊಸೆಯಲ್ಲಿ. ಮಗಳು ಹೈಸ್ಕೂಲ್ ವಾಲಿಬಾಲ್ ಆಡ್ತಾಳೆ, 2027ಕ್ಕೆ ಕಾಲೇಜು. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಒರೆಗಾನ್ ಸ್ಟೇಟ್ ಪಟ್ಟಿಯಲ್ಲಿವೆ. ಪೆಸಿಫಿಕ್ ದಡದ ಬರ್ಕ್ಲಿ ‘ಅಟ್ಲಾಂಟಿಕ್ ಕೋಸ್ಟ್’ ಕಾನ್ಫರೆನ್ಸಿನಲ್ಲಿ (ಎಸಿಸಿ, ಕಾಲೇಜು ತಂಡಗಳ ಒಂದು ಒಕ್ಕೂಟ) ಆಡೋದು ಯಾಕೆ? ಅಮೆರಿಕನ್ ಫುಟ್‌ಬಾಲ್‌ನವರ ಗಲಾಟೆ ಇವಳಿಗೂ ತಟ್ಟುತ್ತಾ?

ಉತ್ತರ: ತಟ್ಟುತ್ತೆ, ಫುಟ್‌ಬಾಲ್ ಹುಡುಗರಿಗಿಂತ ಹೆಚ್ಚಾಗಿಯೇ.

ಇದಕ್ಕೆಲ್ಲ ಮೂಲ ಟಿವಿ ದುಡ್ಡು. ಫುಟ್‌ಬಾಲ್ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಗಿದ್ದ ಏಕಸ್ವಾಮ್ಯವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ಮುರಿಯಿತು. ಕ್ರಮೇಣ ಹಕ್ಕು ಮಾರುವ ಕೆಲಸ ಕಾನ್ಫರೆನ್ಸ್‌ಗಳ ಕೈಗೆ ಬಂತು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳು ಪಶ್ಚಿಮದ ಪ್ಯಾಕ್-12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟವು. ಆಗಸ್ಟ್‌ನಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಪ್ರಕಟಿಸಿತು. ಇತ್ತ ಪ್ಯಾಕ್-12ರ ಒಪ್ಪಂದ 2024ರಲ್ಲಿ ಮುಗಿಯುವುದಿತ್ತು, ಕಟ್ಟಿಹಾಕುವ ಎಕ್ಸಿಟ್ ಫೀ (ಬಿಟ್ಟು ಹೋಗುವವರು ತೆರಬೇಕಾದ ಹಣ) ಇರಲಿಲ್ಲ. 2023ರ ಆಗಸ್ಟ್ 4ರ ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಜಾರಿಕೊಂಡವು: ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12 ಎಂಬ ಮತ್ತೊಂದು ಕಾನ್ಫರೆನ್ಸ್‌ಗೆ. ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ಗೆ ಸೆಪ್ಟೆಂಬರ್ 1ರಂದು ಎಸಿಸಿ ಬಾಗಿಲು ತೆರೆಯಿತು, ಅದೂ ಚೌಕಾಸಿ ಮಾಡಿ: ಮೊದಲ ಏಳು ವರ್ಷ ಮುಖ್ಯ ಟಿವಿ ಹಣದಲ್ಲಿ ಶೇ. 30 ಪಾಲು ಮಾತ್ರ. ಜೊತೆಗೆ ಸೇರಿದ ಡಲ್ಲಾಸ್‌ನ ಎಸ್‌ಎಂಯು ವಿಶ್ವವಿದ್ಯಾಲಯಕ್ಕೆ ಒಂಬತ್ತು ವರ್ಷ ಬಿಡಿಗಾಸೂ ಇಲ್ಲ.

ಪ್ರಯಾಣ ಉದ್ದವಾಯಿತು, ಪಾಲು ಪೂರ್ತಿ ಸಿಗಲಿಲ್ಲ. ಇಕ್ಕಟ್ಟು ಇರುವುದು ಇಲ್ಲೇ.

ಮರುಪ್ರಶ್ನೆ: ವಾಲಿಬಾಲ್‌ಗೇ ಯಾಕೆ ಜಾಸ್ತಿ ಪೆಟ್ಟು?

ಉತ್ತರ: ಫುಟ್‌ಬಾಲ್ ತಂಡ ವಾರಕ್ಕೊಂದೇ ಪಂದ್ಯ ಆಡುತ್ತೆ, ಹೆಚ್ಚಾಗಿ ಶನಿವಾರ, ಬಾಡಿಗೆ ವಿಮಾನದಲ್ಲಿ ಹೋಗಿ ಬರುತ್ತೆ. ವಾಲಿಬಾಲ್‌ಗೆ ಸಾಮಾನ್ಯವಾಗಿ ವಾರಕ್ಕೆ ಎರಡು. ಪೂರ್ವಕ್ಕೆ ಹೋದರೆ ಒಂದೇ ಸುತ್ತಿನಲ್ಲಿ ಎರಡು ಎದುರಾಳಿಗಳನ್ನು ಮುಗಿಸುವಂತೆ ವೇಳಾಪಟ್ಟಿ ಹೊಂದಿಸುತ್ತಾರೆ. ಟಿಕೆಟ್ ಖರ್ಚು ಉಳಿಯುತ್ತೆ, ತರಗತಿ ಉಳಿಯುವುದಿಲ್ಲ. ಮೂರು ಗಂಟೆಯ ಕಾಲವ್ಯತ್ಯಾಸ ಬೇರೆ. ಸಾಕರ್, ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೂ ಇದೇ ಪಾಡು. ಈಜು, ಅಥ್ಲೆಟಿಕ್ಸ್‌ನವರು ಬಹುಪಾಲು ಕೂಟಗಳನ್ನು ಹತ್ತಿರದಲ್ಲೇ ಆರಿಸಿಕೊಂಡು ಕಾನ್ಫರೆನ್ಸ್ ಚಾಂಪಿಯನ್‌ಶಿಪ್‌ಗೆ ಮಾತ್ರ ದೂರ ಹೋಗಬಹುದು.

ಕೋಚ್ ಹತ್ತಿರ ‘ಪ್ರಯಾಣ ಹೇಗೆ?’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅಂತಾರೆ. ಕಳೆದ ಸೀಸನ್ನಿನ ವೇಳಾಪಟ್ಟಿ ತೆಗೆದು ಮಿಸಿಸಿಪ್ಪಿ ನದಿಯಾಚೆ ಎಷ್ಟು ಸಲ ಹೋದರು ಎಣಿಸಿ. ತಪ್ಪಿದ ತರಗತಿಗಳೆಷ್ಟು, ಸೋಮವಾರ ಲ್ಯಾಬ್ ಇರುವ ಮೇಜರ್ (ಓದಿನ ಮುಖ್ಯ ವಿಷಯ) ತೆಗೆದುಕೊಂಡವರು ತಂಡದಲ್ಲಿದ್ದಾರಾ, ಅದನ್ನು ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ಸ್ಕಾಲರ್‌ಶಿಪ್ ಬಗ್ಗೆಯೂ ಬಿಡಿಸಿ ಕೇಳಿ: 2025ರಲ್ಲಿ ಕೋರ್ಟ್ ಒಪ್ಪಿದ ‘ಹೌಸ್’ ರಾಜಿಯ (ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಬಿಟ್ಟ ದಾವೆ) ನಂತರ ಅದಕ್ಕೆ ಸೇರಿದ ಕಾಲೇಜುಗಳಲ್ಲಿ ವಾಲಿಬಾಲ್ ತಂಡಕ್ಕೆ 18 ಜನರ ಮಿತಿ. ಅಷ್ಟೂ ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದು, ಕೊಡಲೇಬೇಕೆಂದಿಲ್ಲ. ಆಟಗಾರರಿಗೆ ನೇರವಾಗಿ ಹಂಚಬಹುದಾದ ಹಣದ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಅದರ ಸಿಂಹಪಾಲು ಫುಟ್‌ಬಾಲ್‌ಗೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಒರೆಗಾನ್ ಸ್ಟೇಟ್ ಕಥೆ? ಮುಳುಗಿದ ಹಡಗಲ್ವಾ ಅದು?

ಉತ್ತರ: ದುಡ್ಡಿನಲ್ಲಿ ಪೆಟ್ಟು ಬಿದ್ದದ್ದು ನಿಜ. ಪ್ಯಾಕ್-12ರಲ್ಲಿ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಕೋರ್ಟಿಗೆ ಹೋಗಿ ಕಾನ್ಫರೆನ್ಸಿನ ಆಡಳಿತ ಉಳಿಸಿಕೊಂಡರು. 2024ರ ಫುಟ್‌ಬಾಲ್ ಪಂದ್ಯಗಳಿಗಾಗಿ ಮೌಂಟನ್ ವೆಸ್ಟ್ ಕಾನ್ಫರೆನ್ಸ್‌ಗೆ 1.4 ಕೋಟಿ ಡಾಲರ್ ತೆತ್ತರು, ವಾಲಿಬಾಲ್‌ನಂಥ ಆಟಗಳನ್ನು ಎರಡು ವರ್ಷಕ್ಕೆ ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಆಡಿಸಿದರು. ಅಷ್ಟಾದರೂ ವಾಷಿಂಗ್ಟನ್ ಸ್ಟೇಟ್ 2025ರಲ್ಲಿ ಅಥ್ಲೆಟಿಕ್ಸ್‌ನ ಎಸೆತ, ಜಿಗಿತಗಳನ್ನು ಕೈಬಿಟ್ಟಿತು.

2026ರ ಜುಲೈನಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೋ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಕೊಲರಾಡೋ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಾಸ್ ಸ್ಟೇಟ್, ಫುಟ್‌ಬಾಲ್ ಇಲ್ಲದ ಗೊನ್ಜಾಗಾ ಸೇರಿ ಹೊಸ ಪ್ಯಾಕ್-12. ಟೆಕ್ಸಾಸ್ ಬಿಟ್ಟರೆ ಎಲ್ಲವೂ ಪಶ್ಚಿಮದವೇ. ಓದೂ ಮುಖ್ಯ ಅನ್ನುವ ಹುಡುಗಿಗೆ ನನ್ನ ಮಟ್ಟಿಗೆ ಇದು ಕೆಟ್ಟ ಆಯ್ಕೆಯಲ್ಲ.

ಮರುಪ್ರಶ್ನೆ: ಸೇರಿದ ಮೇಲೆ ಕಾನ್ಫರೆನ್ಸ್ ಮತ್ತೆ ಬದಲಾದರೆ?

ಉತ್ತರ: ಎಸಿಸಿ ಸದಸ್ಯರು ಪ್ರಸಾರ ಹಕ್ಕನ್ನು 2036ರವರೆಗೆ ಕಾನ್ಫರೆನ್ಸಿಗೆ ಬರೆದುಕೊಟ್ಟಿದ್ದಾರೆ. ಆದರೆ ಅದರದೇ ಸದಸ್ಯರಾದ ಫ್ಲೋರಿಡಾ ಸ್ಟೇಟ್, ಕ್ಲೆಮ್ಸನ್ ಹೂಡಿದ ದಾವೆ 2025ರ ಮಾರ್ಚ್‌ನಲ್ಲಿ ರಾಜಿಯಾಗಿ, ಎಕ್ಸಿಟ್ ಫೀ ವರ್ಷವರ್ಷ ಇಳಿದು 2030-31ಕ್ಕೆ 7.5 ಕೋಟಿ ಡಾಲರಿಗೆ ಬರುತ್ತೆ. ಬಿಗ್ ಟೆನ್ ಟಿವಿ ಒಪ್ಪಂದ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ನಿಮ್ಮ ಮಗಳ ಕೊನೆಯ ವರ್ಷ ಸರಿಯಾಗಿ ಅಲ್ಲಿಗೆ ಬೀಳುತ್ತೆ. ದೊಡ್ಡ ವಿಶ್ವವಿದ್ಯಾಲಯಗಳು ಆ ಹೊತ್ತಿಗೆ ಬಿಟ್ಟು ಹೋಗುವ ಲೆಕ್ಕ ಹಾಕುತ್ತಿರುತ್ತವೆ. ಹಾಗಾಗಿ ಕಾನ್ಫರೆನ್ಸ್ ಹೆಸರಿಗೆ ಮರುಳಾಗದೆ ಮೇಜರ್, ಕೋಚ್, ಊರು ಈ ಮೂರನ್ನು ನೋಡಿ ಆರಿಸಿ.